ಸೊಪ್ಪಿನ ಬ್ರೆಡ್ಡು: ಮನೆಯಲ್ಲಿಯೇ ಮಾಡುವ ಕ್ರಮ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಹಳಿಯಾಳ, ದಾಂಡೇಲಿ, ಜೋಯಿಡಾ ಮತ್ತು ಮುಂಡಗೋಡ ತಾಲೂಕುಗಳು ಮುಖ್ಯವಾಗಿ ಭತ್ತದ ಸೀಮೆಯಾಗಿರುತ್ತವೆ. ಭತ್ತದ ಜೊತೆಗೆ ಹಳಿಯಾಳದ ಬಯಲಿನಲ್ಲಿ ಕಬ್ಬು, ಗೋವಿನಜೋಳ ಮತ್ತು ಹತ್ತಿಯೂ, ಮುಂಡಗೋಡದಲ್ಲಿ ಗೋವಿನಜೋಳ ಮತ್ತು ಶುಂಠಿಯೂ, ಜೋಯಿಡಾದ ಕಾಡಂಚಿನ ಊರುಗಳಲ್ಲಿ ನಾನಾ ಬಗೆಯ ಗೆಡ್ಡೆಗೆಣಸುಗಳೂ ಬೆಳೆಯುತ್ತವೆ. ಗೋದಿಯು ಇಲ್ಲಿಯ ಮುಖ್ಯ ಬೆಳೆಯಲ್ಲ. ಆದರೂ ಗೋದಿಯಿಂದಾಗುವ ಬ್ರೆಡ್ಡು ಇಂದು ಈ ಸೀಮೆಯ ಸಣ್ಣ ಸಣ್ಣ ಊರುಗಳ ಗೂಡಂಗಡಿಗಳಿಗೂ ತಲುಪಿದೆ. ಮಕ್ಕಳ ಮುಂಜಾನೆಯ ತಿನಿಸಿಗೂ, ಬೇನೆಬಿದ್ದವರ ಪಥ್ಯಕ್ಕೂ, ಹೊಲಗೆಲಸದವರ ಚಹಾದ ಜೊತೆಗೂ ಅದನ್ನೇ ಕೊಳ್ಳುವ ರೂಢಿಯು ಬೆಳೆದುಬಂದಿದೆ.

ಈ ರೂಢಿಯನ್ನು ಹಳಿಯುವದರಿಂದ ಪ್ರಯೋಜನವಿಲ್ಲ. ಆದರೆ ವಿಚಾರವಂತನಾದ ಒಕ್ಕಲಿಗನು ಒಂದು ಲೆಕ್ಕವನ್ನು ಹಾಕಿ ನೋಡತಕ್ಕದ್ದು. ಬ್ರೆಡ್ಡಿನಲ್ಲಿ ಇರುವದೇನು? ಹಿಟ್ಟು, ನೀರು, ಉಪ್ಪು, ಸ್ವಲ್ಪ ಎಣ್ಣೆ, ಸ್ವಲ್ಪ ಸಿಹಿ, ಯೀಸ್ಟು ಮತ್ತು ಬೆಂಕಿಯ ಶಾಖ, ಇಷ್ಟೇ. ಇವುಗಳಲ್ಲಿ ಹಿಟ್ಟು ಮತ್ತು ಯೀಸ್ಟು ಇವೆರಡನ್ನೇ ಹೊಸದಾಗಿ ಕೊಳ್ಳಬೇಕಾಗುವದು. ಉಳಿದುದೆಲ್ಲವೂ ಮನೆಯಲ್ಲಿ ಇದ್ದೇ ಇರುವದು. ಅದಕ್ಕೆ ರುಚಿಯನ್ನೂ ಪರಿಮಳವನ್ನೂ ಕೊಡಬಲ್ಲ ಸಬ್ಬಸಿಗೆ, ಕೊತ್ತಂಬರಿ, ಮೆಂತ್ಯ, ದೊಡ್ಡಪತ್ರೆ, ಕರಿಬೇವುಗಳಾದರೋ ಹಿತ್ತಲಲ್ಲಿಯೇ ಬೆಳೆದು, ಹೇರಳವಾಗಿ ಬಂದ ಕಾಲದಲ್ಲಿ ಸಂತೆಯಲ್ಲಿ ಕೇಳುವವರಿಲ್ಲದೆ ಬಾಡಿ ದನಗಳ ಪಾಲಾಗುತ್ತವೆ. ಹಿತ್ತಲಿನ ಸೊಪ್ಪು ಬೆಲೆಯಿಲ್ಲದೆ ಹೋಗಿ ಪೇಟೆಯ ಬ್ರೆಡ್ಡು ಬೆಲೆಗೆ ಬರುವ ಈ ವ್ಯವಹಾರವು ಒಕ್ಕಲು ಮನೆತನಕ್ಕೆ ಲಾಭಕರವಾದುದಲ್ಲ. ಸೊಪ್ಪು ಸೇರಿಸಿದ ಬ್ರೆಡ್ಡನ್ನು ಮನೆಯಲ್ಲಿ ಮಾಡಿಕೊಳ್ಳುವದು ಕಠಿಣವೂ ಅಲ್ಲ. ಆದರೆ ಯೀಸ್ಟಿನ ಸ್ವಭಾವವನ್ನೂ ಸೊಪ್ಪಿನ ಗುಣದೋಷಗಳನ್ನೂ ಅರಿಯದೆ ಕೈಹಾಕಿದವರು ಕಲ್ಲಿನಂಥ ರೊಟ್ಟಿಯನ್ನು ಪಡೆದು ಮರುಸಲ ಯತ್ನಿಸುವದಿಲ್ಲ. ಆದುದರಿಂದ ಆ ಎರಡು ವಿಷಯಗಳನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ವಿವರಿಸಲಾಗಿದೆ.

ಈ ಸೀಮೆಗೆ ಬ್ರೆಡ್ಡು ಬಂದ ಬಗೆ

ಬ್ರೆಡ್ಡು ಈ ತಾಲೂಕುಗಳಿಗೆ ಒಂದೇ ದಾರಿಯಿಂದ ಬಂದುದಲ್ಲ. ಜೋಯಿಡಾಕ್ಕೆ ಹೊಂದಿಕೊಂಡಿರುವ ಗೋವೆಯಲ್ಲಿ ಪೋರ್ತುಗೀಜರು ಗೋದಿಯ ಬ್ರೆಡ್ಡನ್ನು ರೂಢಿಗೆ ತಂದರು. ಅವರ ಭಾಷೆಯ ಶಬ್ದದಿಂದಲೇ ‘ಪಾವ್’ ಎಂಬ ಹೆಸರು ಹುಟ್ಟಿತು. ಯೀಸ್ಟು ಸಿಗದಿದ್ದ ಕಾಲದಲ್ಲಿ ಅಲ್ಲಿಯ ಭಟ್ಟಿಯವರು ತೆಂಗಿನ ಕಳ್ಳನ್ನು ಹಿಟ್ಟಿಗೆ ಬೆರೆಸಿ ಹುದುಗು ಬರಿಸುತ್ತಿದ್ದರು. 1961ರಲ್ಲಿ ಪೋರ್ತುಗೀಜರ ಆಳಿಕೆಯು ಕೊನೆಗೊಂಡಿತಾದರೂ ಗೋದಿಯ ತವುಡು ಸೇರಿದ ‘ಪೊಯಿ’ ಎಂಬ ಬ್ರೆಡ್ಡು ಇಂದಿಗೂ ಅಲ್ಲಿ ಮನೆಬಾಗಿಲಿಗೆ ಬಂದು ಮಾರಾಟವಾಗುತ್ತದೆ. ಇತ್ತ 1955ರಲ್ಲಿ ಸ್ಥಾಪಿತವಾದ ಕಾಗದದ ಕಾರಖಾನೆಯ ದೆಸೆಯಿಂದ ದಾಂಡೇಲಿಗೆ ನಾನಾ ಪ್ರಾಂತಗಳ ಜನರು ಬಂದು ನೆಲೆಸಿದರು. ಪಾಳಿಯ ಮೇಲೆ ದುಡಿಯುವವರಿಗೆ ಬುತ್ತಿಗೆ ಕಟ್ಟಲು ಬ್ರೆಡ್ಡು ಅನುಕೂಲವಾದ ತಿನಿಸು.

ಮೂರನೆಯ ದಾರಿಯು ಮುಂಡಗೋಡದ್ದು. 1966ರಲ್ಲಿ ಅಲ್ಲಿ ಟಿಬೇಟಿನ ನಿರಾಶ್ರಿತರಿಗಾಗಿ ವಸತಿಯು ಆರಂಭವಾಯಿತು. ಅವರ ಮನೆಗಳಲ್ಲಿ ‘ತಿಂಗ್ಮೋ’ ಎಂಬ ಒಂದು ಬಗೆಯ ಬ್ರೆಡ್ಡನ್ನು ಮಾಡುವ ಪದ್ಧತಿಯುಂಟು. ಯೀಸ್ಟು ಹಾಕಿ ಉಬ್ಬಿಸಿದ ಗೋದಿಹಿಟ್ಟನ್ನು ತೆಳ್ಳಗೆ ಲಟ್ಟಿಸಿ, ಎಣ್ಣೆ ಸವರಿ, ಕೆಲವರು ಅದರ ಮೇಲೆ ಕೊತ್ತಂಬರಿ ಸೊಪ್ಪನ್ನಾಗಲಿ ಈರುಳ್ಳಿಯ ತಪ್ಪಲನ್ನಾಗಲಿ ಹರಡಿ, ಸುರುಳಿ ಸುತ್ತಿ, ನಮ್ಮ ಕಡುಬಿನಂತೆ ಹಬೆಯಲ್ಲಿ ಬೇಯಿಸುತ್ತಾರೆ. ಭಟ್ಟಿಯಿಲ್ಲದಿದ್ದರೆ ಬ್ರೆಡ್ಡಾಗದು ಎಂಬ ತಿಳುವಳಿಕೆಯು ತಪ್ಪೆಂಬದಕ್ಕೆ ಈ ನೆರೆಹೊರೆಯ ಉದಾಹರಣೆಯೇ ಸಾಕು.

ಯೀಸ್ಟಿನ ಸ್ವಭಾವ

ಯೀಸ್ಟೆಂಬದು ಔಷಧದ ಪುಡಿಯಲ್ಲ, ಜೀವವುಳ್ಳ ವಸ್ತು. ಬರಿಗಣ್ಣಿಗೆ ಕಾಣದ ಒಂದು ಜಾತಿಯ ಬೂಷ್ಟಿನ ಕಣಗಳು ಅದರಲ್ಲಿರುತ್ತವೆ. ಹುದುಗುವಿಕೆಯು ಜೀವಿಗಳ ಕಾರ್ಯವೆಂಬದನ್ನು ಫ್ರಾನ್ಸ ದೇಶದ ಲೂಯಿ ಪಾಶ್ಚರರು 1857ರಿಂದ ಮುಂದಿನ ವರ್ಷಗಳಲ್ಲಿ ಪ್ರಯೋಗಗಳಿಂದ ಸಿದ್ಧಮಾಡಿ ತೋರಿಸಿದರು. ಈ ಕಣಗಳು ಹಿಟ್ಟಿನಲ್ಲಿಯ ಸಕ್ಕರೆಯ ಅಂಶವನ್ನು ತಿಂದು ಇಂಗಾಲಾಮ್ಲ ವಾಯುವನ್ನು ಬಿಡುತ್ತವೆ. ಆ ವಾಯುವು ಗೋದಿಯ ಅಂಟಿನಲ್ಲಿ ಸಿಕ್ಕಿಬಿದ್ದು ಕಣಕವನ್ನು ಉಬ್ಬಿಸುತ್ತದೆ. ಹೊಲದಲ್ಲಿ ಬಿತ್ತಿದ ಬೀಜಕ್ಕೆ ಹದ, ಶಾಖ, ಆಹಾರಗಳು ಹೇಗೆ ಬೇಕೋ ಹಾಗೆಯೇ ಯೀಸ್ಟಿಗೂ ಬೇಕು.

ಸುಮಾರು 25ರಿಂದ 35 ಅಂಶ ಸೆಲ್ಸಿಯಸ್ ಶಾಖದಲ್ಲಿ ಯೀಸ್ಟು ಚೆನ್ನಾಗಿ ಕೆಲಸಮಾಡುವದು. ಚಳಿಗೆ ಮಂದವಾಗುವದು, 60 ಅಂಶದ ಸುಮಾರಿಗೆ ಸಾಯುವದು. ಕುದಿನೀರನ್ನು ಹಾಕಿದವರ ಹಿಟ್ಟು ಉಬ್ಬದಿರುವದಕ್ಕೆ ಇದೇ ಕಾರಣ. ನೀರು ಮುಟ್ಟಿದರೆ ಹಾಯೆನಿಸುವಷ್ಟು ಬೆಚ್ಚಗಿರಬೇಕೇ ಹೊರತು ಸುಡಬಾರದು. ಉಪ್ಪು ಯೀಸ್ಟನ್ನು ಹಿಡಿತದಲ್ಲಿಡುವದು; ಆದರೆ ಒಣ ಉಪ್ಪನ್ನು ಯೀಸ್ಟಿನ ಮೇಲೆಯೇ ಸುರುವಬಾರದು. ಅಂಗಡಿಯಲ್ಲಿ ಸಿಗುವ ಒಣ ಯೀಸ್ಟನ್ನು ತರುವಾಗ ಪೊಟ್ಟಣದ ಮೇಲಿನ ಅವಧಿಯನ್ನು ನೋಡಿಯೇ ತರತಕ್ಕದ್ದು. ಸಂಶಯವಿದ್ದರೆ ಅರ್ಧ ಬಟ್ಟಲು ಬೆಚ್ಚಗಿನ ನೀರಿಗೆ ಒಂದು ಚಮಚೆ ಸಕ್ಕರೆ, ಒಂದು ಚಮಚೆ ಯೀಸ್ಟು ಹಾಕಿ ಹತ್ತು ನಿಮಿಷ ಇಡಬೇಕು. ಮೇಲೆ ನೊರೆ ಬಂದರೆ ಜೀವವಿದೆ. ಬಾರದಿದ್ದರೆ ಅದನ್ನು ಚೆಲ್ಲಿ ಬೇರೆ ತರಿಸುವದೇ ಲೇಸು. ಹಳೆಯ ಕಾಲದಂತೆ ಕಳ್ಳಿನಿಂದ ಹುದುಗು ಬರಿಸಲು ಅಬಕಾರಿ ನಿರ್ಬಂಧಗಳು ಅಡ್ಡಬರುವದರಿಂದ ಆ ಮಾರ್ಗವನ್ನು ಇಲ್ಲಿ ಸೂಚಿಸುವದಿಲ್ಲ.

ಹಿಟ್ಟಿನ ಆಯ್ಕೆ

ಬ್ರೆಡ್ಡು ಉಬ್ಬಿ ನಿಲ್ಲುವದು ಗೋದಿಯಲ್ಲಿರುವ ‘ಗ್ಲುಟೆನ್’ ಎಂಬ ಅಂಟಿನ ಬಲದಿಂದ. ಬೆಳಗಾವಿ, ಧಾರವಾಡ, ವಿಜಯಪುರ ಜಿಲ್ಲೆಗಳಲ್ಲಿ ಬೆಳೆಯುವ ಜವೆಗೋದಿ ಅಥವಾ ಕಪ್ಲಿಯು ರವೆಗೂ ಶ್ಯಾವಿಗೆಗೂ ಉತ್ಕೃಷ್ಟವಾದರೂ ಅದರ ಅಂಟು ಬ್ರೆಡ್ಡಿಗೆ ಸಾಲದು. ಅದನ್ನು ಉಪಯೋಗಿಸುವದಾದರೆ ಒಂದು ಪಾಲಿಗೆ ಎರಡು ಪಾಲು ಬೇರೆ ಹಿಟ್ಟನ್ನು ಕೂಡಿಸಬೇಕು. ಚಪಾತಿಯ ಗೋದಿಹಿಟ್ಟು ಮೂರು ಪಾಲು, ಮೈದಾ ಎರಡು ಪಾಲು, ಹೀಗೆ ಬೆರೆಸಿದ ಹಿಟ್ಟು ಮನೆವಾರ್ತೆಗೆ ತಕ್ಕುದು. ಬರಿ ಮೈದಾದ ಬ್ರೆಡ್ಡು ಹಗುರಾಗಿ ಬರುವದು ನಿಜ. ಆದರೆ ಅದರಲ್ಲಿ ತವುಡಿನ ಸತ್ವವಿರುವದಿಲ್ಲ.

ಅಕ್ಕಿ, ರಾಗಿ, ಗೋವಿನಜೋಳಗಳಲ್ಲಿ ಈ ಅಂಟು ಇಲ್ಲ. ಆದುದರಿಂದ ಅವುಗಳ ಹಿಟ್ಟನ್ನು ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಬೆರೆಸಬಾರದು. ಭತ್ತದ ಸೀಮೆಯವರು ಒಂದು ಕಿಲೋ ಹಿಟ್ಟಿಗೆ ಒಂದು ಬಟ್ಟಲು ಮೆತ್ತಗೆ ಬೆಂದ ಅನ್ನವನ್ನು ಮಿದ್ದು ಸೇರಿಸಿದರೆ ಬ್ರೆಡ್ಡು ಬೇಗನೆ ಒಣಗುವದಿಲ್ಲ. ಜೋಯಿಡಾದವರು ಬೇಯಿಸಿದ ಸಿಹಿಗೆಣಸನ್ನು ಹಿಟ್ಟಿನ ತೂಕದ ನಾಲ್ಕನೆಯ ಒಂದು ಪಾಲಿನ ತನಕ ಮಿದ್ದು ಹಾಕಬಹುದು. ಆಗ ಬೇರೆ ಸಿಹಿ ಬೇಕಾಗುವದಿಲ್ಲ, ನೀರನ್ನೂ ಅದಕ್ಕೆ ತಕ್ಕಂತೆ ತಗ್ಗಿಸಬೇಕು.

ಸೊಪ್ಪುಗಳ ಗುಣದೋಷಗಳು

ಹೆಚ್ಚಿನವರು ಎಡವುವದು ಇಲ್ಲಿಯೇ. ಪರಿಮಳವುಳ್ಳ ಸೊಪ್ಪುಗಳ ವಾಸನೆಯು ಅವುಗಳಲ್ಲಿರುವ ತೈಲದಿಂದ ಬರುವದು. ಈ ತೈಲಗಳಲ್ಲಿ ಕೆಲವು ಯೀಸ್ಟಿಗೆ ವಿರೋಧಿಗಳು. ದೊಡ್ಡಪತ್ರೆಯಲ್ಲಿರುವ ಕಾರ್ವಕ್ರಾಲ್, ಓಮಿನಲ್ಲಿರುವ ಥೈಮಾಲ್ ಎಂಬ ಅಂಶಗಳು ಕೆಮ್ಮುನೆಗಡಿಗೆ ಹಿತಕರವೆಂದು ಮನೆಮದ್ದಿನಲ್ಲಿ ಬಳಕೆಯಾಗುತ್ತವೆ; ಸೂಕ್ಷ್ಮಜೀವಿಗಳನ್ನು ತಡೆಯುವ ಆ ಗುಣವೇ ಯೀಸ್ಟನ್ನೂ ತಡೆಯುವದು. ಆದುದರಿಂದ ತೀಕ್ಷ್ಣವಾದವುಗಳನ್ನು ಕಡಮೆ, ಸೌಮ್ಯವಾದವುಗಳನ್ನು ಧಾರಾಳ ಎಂಬ ನಿಯಮವನ್ನು ಪಾಲಿಸತಕ್ಕದ್ದು. ಒಂದು ಕಿಲೋ ಹಿಟ್ಟಿಗೆ ಈ ಕೆಳಗಿನ ಪ್ರಮಾಣಗಳು ಸರಿಬೀಳುತ್ತವೆ.

ಸಬ್ಬಸಿಗೆ: ಹಳಿಯಾಳದ ಮರಾಠಿ ಜನರು ಇದನ್ನು ಶೇಪು ಎನ್ನುವರು. ಬ್ರೆಡ್ಡಿಗೆ ಎಲ್ಲಕ್ಕಿಂತ ಒಪ್ಪುವ ಸೊಪ್ಪು ಇದೇ. ದಪ್ಪ ದಂಟುಗಳನ್ನು ತೆಗೆದು ಸಣ್ಣಗೆ ಹೆಚ್ಚಿದ ಸೊಪ್ಪು 80ರಿಂದ 100 ಗ್ರಾಮ್.

ಕೊತ್ತಂಬರಿ ಮತ್ತು ಈರುಳ್ಳಿಯ ತಪ್ಪಲು: ಎರಡೂ ಕೂಡಿ 80 ಗ್ರಾಮ್. ಹಬೆಯಲ್ಲಿ ಬೇಯಿಸುವ ಬ್ರೆಡ್ಡಿಗೆ ಇವು ವಿಶೇಷವಾಗಿ ಒಗ್ಗುತ್ತವೆ. ಭಟ್ಟಿಯ ಬಿಸಿಗೆ ಕೊತ್ತಂಬರಿಯ ಪರಿಮಳವು ಬಹುಮಟ್ಟಿಗೆ ಹಾರಿಹೋಗುವದು.

ಮೆಂತ್ಯದ ಸೊಪ್ಪು: 50 ಗ್ರಾಮ್. ಎಣ್ಣೆಯಲ್ಲಿ ಒಂದು ಸಲ ಬಾಡಿಸಿದರೆ ಕಹಿ ತಗ್ಗುವದು.

ದೊಡ್ಡಪತ್ರೆ: ಎಂಟು ಹತ್ತು ಎಲೆಗಳಿಗೆ ಮೀರಬಾರದು. ಎಲೆಯಲ್ಲಿ ನೀರು ಬಹಳ ಇರುವದರಿಂದ ಇದನ್ನೂ ಹೆಚ್ಚಿ ಬಾಡಿಸಿಯೇ ಹಾಕಬೇಕು.

ಓಮು: ಎರಡು ಸಣ್ಣ ಚಮಚೆ. ಕರಿಬೇವು: ನೆರಳಲ್ಲಿ ಒಣಗಿಸಿ ಪುಡಿಮಾಡಿದ್ದು ಎರಡು ಚಮಚೆ.

ಬೆಳ್ಳುಳ್ಳಿ ಮತ್ತು ಶುಂಠಿಗಳ ವಿಷಯದಲ್ಲಿ ಹೆಚ್ಚಿನ ಎಚ್ಚರಿಕೆ ಬೇಕು. ಹಸಿ ಬೆಳ್ಳುಳ್ಳಿಯು ಯೀಸ್ಟನ್ನು ಕುಗ್ಗಿಸುವದಲ್ಲದೆ ಕಣಕವನ್ನೂ ಸಡಿಲಿಸುವದು. ಹಸಿ ಶುಂಠಿಯಲ್ಲಿ ಗೋದಿಯ ಅಂಟನ್ನು ಕರಗಿಸುವ ಒಂದು ಕಿಣ್ವವಿದೆ. ಮುಂಡಗೋಡದ ಕಡೆಗೆ ಶುಂಠಿ ಕೈಗೆಟಕುವಂತಿದೆಯೆಂದು ಹಸಿಯಾಗಿಯೇ ಜಜ್ಜಿ ಹಾಕಿದರೆ ಹಿಟ್ಟು ಅಂಬಲಿಯಂತೆ ಹರಿಯುವದು. ಎರಡನ್ನೂ ಎಣ್ಣೆಯಲ್ಲಿ ಚೆನ್ನಾಗಿ ಹುರಿದು, ಆರಿಸಿ, ಬಳಿಕ ಸೇರಿಸಿದರೆ ಈ ದೋಷವಿಲ್ಲ.

ಯಾವ ಸೊಪ್ಪೇ ಆಗಲಿ, ತೊಳೆದ ಮೇಲೆ ಬಟ್ಟೆಯ ಮೇಲೆ ಹರವಿ ನೀರಾರಿಸಿಯೇ ಹೆಚ್ಚಬೇಕು. ಸೊಪ್ಪಿಗೆ ಅಂಟಿದ ನೀರು ಕಣಕದ ಹದವನ್ನು ಕೆಡಿಸುವದು. ಕೀಟನಾಶಕವನ್ನು ಸಿಂಪಡಿಸಿದ ಮಡಿಯ ಸೊಪ್ಪನ್ನು ಅದಕ್ಕೆ ಹೇಳಿರುವ ದಿನಗಳು ಕಳೆಯುವವರೆಗೆ ಕೊಯ್ಯಲೇಬಾರದು. ಮನೆಯ ಖರ್ಚಿನ ಸೊಪ್ಪಿಗೆ ಬೇರೆಯೇ ಒಂದು ಮಡಿಯನ್ನು ಇಟ್ಟು, ಹದಿನೈದು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪವಾಗಿ ಬಿತ್ತುತ್ತ ಹೋದರೆ ಎಳೆಯ ಸೊಪ್ಪು ಸದಾ ದೊರೆಯುವದು.

ಮಾಡುವ ರೀತಿ

ಬೆರೆಸಿದ ಹಿಟ್ಟು 1 ಕಿಲೋ, ಒಣ ಯೀಸ್ಟು 9 ಗ್ರಾಮ್, ಉಪ್ಪು 18 ಗ್ರಾಮ್, ಬೆಲ್ಲ 25 ಗ್ರಾಮ್, ಎಣ್ಣೆ 40 ಗ್ರಾಮ್, ನೀರು 600ರಿಂದ 650 ಮಿಲಿಲೀಟರ್. ತಕ್ಕಡಿಯಿಲ್ಲದವರು ಯೀಸ್ಟನ್ನೂ ಉಪ್ಪನ್ನೂ ಸಣ್ಣ ಚಹಾ ಚಮಚೆಯಿಂದ ಮೂರು ಮೂರು ಸಮತಟ್ಟಾಗಿ ಅಳೆದರೆ ಸಾಕು.

ಬೆಲ್ಲವನ್ನು ಬೆಚ್ಚಗಿನ ನೀರಿನಲ್ಲಿ ಕರಗಿಸಿ, ಸೋಸಿ, ಅದರಲ್ಲಿ ಯೀಸ್ಟನ್ನು ನೆನೆಹಾಕಬೇಕು. ಉಪ್ಪನ್ನು ಹಿಟ್ಟಿನಲ್ಲಿ ಬೆರೆಸಬೇಕು. ಯೀಸ್ಟಿನ ನೀರನ್ನು ಹಿಟ್ಟಿಗೆ ಹೊಯ್ದು ಚಪಾತಿಯ ಕಣಕಕ್ಕಿಂತ ತುಸು ಮೆತ್ತಗೆ ಕಲಸಿ, ಎಣ್ಣೆ ಸೇರಿಸಿ, ಹದಿನೈದು ನಿಮಿಷ ಬಿಡದೆ ನಾದಬೇಕು. ಹೋಳಿಗೆಯ ಕಣಕವನ್ನು ನಾದಿ ಪಳಗಿದ ಕೈಗೆ ಇದನ್ನು ಕಲಿಸಬೇಕಾದುದಿಲ್ಲ. ನಿಂಬೆಗಾತ್ರದ ಮುದ್ದೆಯನ್ನು ಎಳೆದರೆ ಹರಿಯದೆ ತೆಳ್ಳನೆಯ ಪೊರೆಯಂತೆ ಬರಬೇಕು, ಅದೇ ಹದ. ಬಳಿಕ ಎಣ್ಣೆ ಸವರಿದ ಪಾತ್ರೆಯಲ್ಲಿಟ್ಟು ಒದ್ದೆ ಬಟ್ಟೆಯನ್ನು ಮುಚ್ಚಬೇಕು. ಬೇಸಿಗೆಯಲ್ಲಿ ಒಂದು ಗಂಟೆಯೊಳಗಾಗಿ, ಚಳಿಗಾಲದಲ್ಲಿ ಎರಡು ಮೂರು ಗಂಟೆಗಳಲ್ಲಿ ಕಣಕವು ಇಮ್ಮಡಿಯಾಗುವದು. ಗಡಿಯಾರವನ್ನು ನೋಡಿ ನಿರ್ಣಯಿಸಬಾರದು, ಕಣಕವನ್ನು ನೋಡಿ ನಿರ್ಣಯಿಸಬೇಕು.

ಸೊಪ್ಪನ್ನು ಸೇರಿಸುವ ಕಾಲ ಇದು. ಮೊದಲೇ ಹಾಕಿ ನಾದಿದರೆ ಸೊಪ್ಪು ನುರಿದು ನೀರು ಬಿಡುವದಲ್ಲದೆ ಅದರ ತೈಲವು ಯೀಸ್ಟಿನ ಮೊದಲ ಕೆಲಸಕ್ಕೆ ಅಡ್ಡಿಮಾಡುವದು. ಉಬ್ಬಿದ ಕಣಕವನ್ನು ಮೆಲ್ಲಗೆ ತಟ್ಟಿ ಹರವಿ, ಸೊಪ್ಪನ್ನು ಉದುರಿಸಿ, ಮಡಿಚಿ, ಏಳೆಂಟು ಸಲ ಮಾತ್ರ ನಾದಿ, ನಾಲ್ಕು ಪಾಲು ಮಾಡಿ, ಎಣ್ಣೆ ಸವರಿದ ಡಬ್ಬಿಗಳಲ್ಲಿ ಅರ್ಧಕ್ಕಿಂತ ಸ್ವಲ್ಪ ಮೇಲೆ ಬರುವಂತೆ ಇಡಬೇಕು. ಮತ್ತೆ ಮುಕ್ಕಾಲು ಗಂಟೆಯಲ್ಲಿ ಅದು ಡಬ್ಬಿಯ ಅಂಚಿಗೆ ಏರುವದು. ಆಗ ಬೇಯಿಸಬೇಕು, ತಡಮಾಡಿದರೆ ಕುಸಿಯುವದು.

ಬೇಯಿಸುವ ಮೂರು ಉಪಾಯಗಳು

ಮೊದಲನೆಯದು ಹಬೆ. ಇಡ್ಲಿಯ ಪಾತ್ರೆಯಿದ್ದ ಮನೆಯವರಿಗೆಲ್ಲ ಇದು ಸಾಧ್ಯ. ಕಣಕವನ್ನು ದೊಡ್ಡ ನಿಂಬೆಗಾತ್ರದ ಉಂಡೆಗಳನ್ನಾಗಿ ಮಾಡಿ, ಇಪ್ಪತ್ತು ನಿಮಿಷ ಉಬ್ಬಗೊಟ್ಟು, ಹದಿನೈದರಿಂದ ಹದಿನೆಂಟು ನಿಮಿಷ ಬೇಯಿಸಬೇಕು. ಒಲೆಯಿಂದ ಇಳಿಸಿ ಎರಡು ನಿಮಿಷದ ಮೇಲೆ ಮುಚ್ಚಳ ತೆಗೆಯಬೇಕು. ಇದನ್ನು ಅಂದಂದೇ ತಿಂದು ಮುಗಿಸುವದು ಉತ್ತಮ.

ಎರಡನೆಯದು ಮರಳಿನ ಪಾತ್ರೆ. ದಪ್ಪ ತಳದ ಪಾತ್ರೆಯಲ್ಲಿ ಎರಡು ಬೆರಳು ಒಣ ಮರಳು ಹಾಕಿ, ಮುಚ್ಚಿ, ಇಪ್ಪತ್ತು ನಿಮಿಷ ಕಾಯಿಸಿ, ಮರಳಿನ ಮೇಲೆ ಸಿಂಬಿಯನ್ನಿಟ್ಟು ಅದರ ಮೇಲೆ ಡಬ್ಬಿಯನ್ನಿಡಬೇಕು. ಮುಚ್ಚಳದ ಮೇಲೆ ಕೆಂಡಗಳನ್ನು ಹರವಿದರೆ ಮೇಲ್ಭಾಗವೂ ಕೆಂಪಾಗುವದು. ಮುಕ್ಕಾಲು ಗಂಟೆ ಹಿಡಿಯುವದು. ಈ ಸಿಂಬಿಯು ಕಬ್ಬಿಣದ್ದಿರಬೇಕು, ಬಟ್ಟೆಯದಾಗಿರಬಾರದು.

ಮೂರನೆಯದು ಮಣ್ಣಿನ ಭಟ್ಟಿ. ಇದು ಒಂದು ಮನೆಗಿಂತ ಒಂದು ಕೇರಿಗೆ ತಕ್ಕುದು. ಸೊಂಟದೆತ್ತರದ ಕಟ್ಟೆಯ ಮೇಲೆ ಮರಳು ಹರವಿ, ಇಟ್ಟಿಗೆ ಹಾಸಿ, ಒಂದು ಪಾಲು ಜಿಗುಟು ಮಣ್ಣಿಗೆ ಎರಡು ಮೂರು ಪಾಲು ಮರಳು ಬೆರೆಸಿ ತುಳಿದ ಮಣ್ಣಿನಿಂದ ಗುಮ್ಮಟವನ್ನು ಕಟ್ಟಬೇಕು. ಒಳಗಿನ ಅಡ್ಡಳತೆ 90 ಸೆಂಟಿಮೀಟರ್, ಎತ್ತರ 40, ಬಾಯಿಯ ಎತ್ತರ 25 ಇರತಕ್ಕದ್ದು. ಬಾಯಿಯು ಇದಕ್ಕಿಂತ ಎತ್ತರವಾದರೆ ಶಾಖವು ಹೊರಗೆ ಹೋಗುವದು, ತಗ್ಗಾದರೆ ಬೆಂಕಿಗೆ ಗಾಳಿ ಸಾಲದು. ಚೆನ್ನಾಗಿ ಒಣಗಿದ ಮೇಲೆ ಮೊದಲ ಕೆಲವು ದಿನ ಸಣ್ಣ ಉರಿಯನ್ನೇ ಹಾಕಬೇಕು. ಬೇಯಿಸುವ ದಿನ ಎರಡು ಗಂಟೆ ಉರಿಸಿದರೆ ಗುಮ್ಮಟದ ಒಳಗಿನ ಮಸಿ ಸುಟ್ಟು ಬಿಳುಪಾಗುವದು. ಆಗ ಕೆಂಡವನ್ನು ಹೊರಗೆಳೆದು, ಒದ್ದೆ ಬಟ್ಟೆಯಿಂದ ನೆಲವನ್ನು ಒರಸಿ, ಒಂದು ಚಿಟಿಕೆ ಹಿಟ್ಟನ್ನು ಚೆಲ್ಲಿ ನೋಡಬೇಕು. ಹಿಟ್ಟು ಕೂಡಲೇ ಕಪ್ಪಾದರೆ ಇನ್ನೂ ಸ್ವಲ್ಪ ಆರಗೊಡಬೇಕು. ಅರ್ಧ ನಿಮಿಷದಲ್ಲಿ ಕಂದಾದರೆ ಡಬ್ಬಿಗಳನ್ನಿಟ್ಟು ಬಾಯಿ ಮುಚ್ಚಬೇಕು. 35ರಿಂದ 40 ನಿಮಿಷಗಳಲ್ಲಿ ಬೇಯುವದು. ಡಬ್ಬಿಯಿಂದ ತೆಗೆದು ತಳವನ್ನು ಬೆರಳಿನಿಂದ ಬಡಿದರೆ ಟೊಳ್ಳು ಸಪ್ಪಳ ಬರುವದು. ಅದೇ ಬೆಂದ ಗುರುತು. ಒಂದು ಕಿಲೋ ಹಿಟ್ಟಿಗೆ ಸುಮಾರು ಒಂದೂವರೆ ಕಿಲೋ ಬ್ರೆಡ್ಡು ಸಿಗುವದು. ಪೂರ್ಣ ಆರುವ ಮುಂಚೆ ಕೊಯ್ದರೆ ಒಳಗೆ ಅಂಟಂಟಾಗುವದು.

ಉರುವಲಿಗೆ ತೆಂಗಿನ ಕರಟ, ಅಡಕೆಯ ಸಿಪ್ಪೆ, ಗೇರು ಮಾವುಗಳ ಸವರಿದ ಟೊಂಗೆ, ಗೋವಿನಜೋಳದ ಬೆಂಡು ಇವು ಸಾಕು. ಜೋಯಿಡಾ ಮತ್ತು ದಾಂಡೇಲಿಯ ಸುತ್ತಲಿನ ಅರಣ್ಯದ ದೊಡ್ಡ ಭಾಗವು 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಗಿದ್ದು, 2015ರಲ್ಲಿ ಅದಕ್ಕೆ ಕಾಳಿ ಎಂಬ ಹೆಸರು ಬಂದಿತು. ಅಲ್ಲಿಂದ ಕಟ್ಟಿಗೆ ತಂದು ಬ್ರೆಡ್ಡು ಬೇಯಿಸುವದು ಅಪರಾಧವೂ ಹೌದು, ಅವಿವೇಕವೂ ಹೌದು.

ಮಳೆಗಾಲದ ಎಚ್ಚರಿಕೆ

ಜೂನದಿಂದ ಸಪ್ಟೆಂಬರವರೆಗೆ ಈ ಸೀಮೆಯ ಹವೆಯು ಬ್ರೆಡ್ಡಿಗೆ ಶತ್ರು. ಆಗ ಹಿಟ್ಟೇ ತೇವವನ್ನು ಹೀರಿರುವದರಿಂದ ನೀರನ್ನು ಒಂದು ಹಿಡಿ ಕಡಮೆ ಹಾಕಬೇಕು. ಬೂಷ್ಟು ಬಂದ ಬ್ರೆಡ್ಡಿನಲ್ಲಿ ಕೆಟ್ಟ ಭಾಗವನ್ನಷ್ಟೇ ಕಿತ್ತೆಸೆದು ಉಳಿದುದನ್ನು ತಿನ್ನುವ ಅಭ್ಯಾಸವು ಅಪಾಯಕರ. ಬೂಷ್ಟಿನ ಎಳೆಗಳು ಕಾಣದಂತೆ ಒಳಗೆಲ್ಲ ಹಬ್ಬಿರುತ್ತವೆ. ಅದನ್ನು ದನಕರುಗಳಿಗೂ ಹಾಕಬಾರದು. ಇನ್ನೊಂದು ರೋಗದಲ್ಲಿ ಹೊರಗೆ ಏನೂ ಕಾಣದಿದ್ದರೂ ಒಳಭಾಗವು ಜಿಗುಟಾಗಿ, ಎಳೆದರೆ ನೂಲಿನಂತೆ ಬಂದು, ಮಿತಿಮೀರಿ ಕಳಿತ ಹಣ್ಣಿನ ವಾಸನೆ ಹೊಡೆಯುವದು. ಬೇಯಿಸಿದರೂ ಸಾಯದ ಒಂದು ಸೂಕ್ಷ್ಮಜೀವಿಯ ಬೀಜಕಣಗಳು ಇದಕ್ಕೆ ಕಾರಣ. ಹುಳಿಯಿದ್ದಲ್ಲಿ ಅವು ಬೆಳೆಯಲಾರವು. ಆದುದರಿಂದ ಮಳೆಗಾಲದಲ್ಲಿ ಕಲಸುವ ನೀರಿನ ಕಾಲುಪಾಲಿಗೆ ಬದಲಾಗಿ ಹುಳಿ ಮಜ್ಜಿಗೆಯನ್ನು ಹಾಕುವದೂ, ಡಬ್ಬಿಗಳನ್ನು ತೊಳೆದು ಬಿಸಿಲಿಗೊ ಒಲೆಯ ಶಾಖಕ್ಕೊ ಒಣಗಿಸುವದೂ ಒಳ್ಳೆಯ ಉಪಾಯಗಳು. ಸೊಪ್ಪು ಸೇರಿದ ಬ್ರೆಡ್ಡಿನಲ್ಲಿ ತೇವ ಹೆಚ್ಚಿರುವದರಿಂದ ಮಳೆಗಾಲದಲ್ಲಿ ಅದನ್ನು ಎರಡನೆಯ ದಿನಕ್ಕೆ ಮೀರಿ ಇಡಬಾರದು.

ಊರಿನ ಹಿರಿಯರು ಮಾಡತಕ್ಕದ್ದು

ಒಂದು ಭಟ್ಟಿಯನ್ನು ಕಾಯಿಸಲು ಬೇಕಾಗುವ ಉರುವಲು ನಾಲ್ಕು ಬ್ರೆಡ್ಡಿಗೂ ಅಷ್ಟೇ, ಹನ್ನೆರಡಕ್ಕೂ ಅಷ್ಟೇ. ಆದುದರಿಂದ ಒಬ್ಬೊಬ್ಬರು ಬೇರೆ ಬೇರೆ ಭಟ್ಟಿ ಕಟ್ಟುವದರಲ್ಲಿ ಅರ್ಥವಿಲ್ಲ. ಪಂಚಾಯತಿಯ ಮುಖ್ಯಸ್ಥರಾಗಲಿ ಅನುಕೂಲವಂತರಾದ ಜಮೀನುದಾರರಾಗಲಿ ನಾಲ್ಕು ಮೊಳ ಜಾಗವನ್ನೂ ಮೇಲೊಂದು ಮಾಡನ್ನೂ ಒದಗಿಸಿದರೆ, ಮಣ್ಣು ಮತ್ತು ಮೈಗೆಲಸದಿಂದಲೇ ಕೇರಿಗೊಂದು ಭಟ್ಟಿಯಾಗುವದು. ವಾರಕ್ಕೊಂದು ದಿನವನ್ನು ಗೊತ್ತುಮಾಡಿ, ಮನೆಮನೆಯವರು ತಮ್ಮ ಕಣಕವನ್ನು ತಂದು ಬೇಯಿಸಿಕೊಳ್ಳಬಹುದು. ಕೈ ಪಳಗಿದ ಮೇಲೆ ಊರಿನ ಸ್ತ್ರೀಶಕ್ತಿ ಸಂಘದವರು ಸಂತೆಗೂ, ಕಾಡು ನೋಡಲು ಬರುವ ಪ್ರವಾಸಿಗರ ವಸತಿಗೃಹಗಳಿಗೂ ಮಾರಿದರೆ ಹಿತ್ತಲಿನ ಸೊಪ್ಪಿಗೆ ಬೆಲೆ ಬರುವದು. ಆ ಹಣವು ಹೆಂಗಸರ ಕೈಯಲ್ಲಿಯೇ ಉಳಿಯುವದು. ಮಾರುವವರು 2006ರ ಆಹಾರ ಸುರಕ್ಷತೆಯ ಕಾಯಿದೆಯ ಪ್ರಕಾರ ಹೆಸರು ನೋಂದಾಯಿಸಿಕೊಳ್ಳುವದು ಅವಶ್ಯ. ಹೆಚ್ಚಿನ ಶಿಕ್ಷಣವನ್ನು ಬಯಸುವ ತರುಣ ತರುಣಿಯರಿಗೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ಹೆಬ್ಬಾಳದಲ್ಲಿ ಬೇಕರಿ ತರಬೇತಿಯನ್ನು ನಡೆಸುತ್ತದೆ.

ಮೊದಲ ಸಲ ಯಾರೂ ಒಂದು ಕಿಲೋ ಹಿಟ್ಟಿಗೆ ಮೀರಿ ಕಲಸಬಾರದು, ಸಬ್ಬಸಿಗೆಯ ಹೊರತು ಬೇರೆ ಸೊಪ್ಪನ್ನು ಹಿಡಿಯಲೂಬಾರದು. ಮಳೆಗಾಲ ಮುಗಿದು ಸೊಪ್ಪಿನ ಮಡಿಗಳು ಹಸುರಾಗುವ ಹೊತ್ತಿಗೆ ಹಬೆಯ ಬ್ರೆಡ್ಡಿನಿಂದ ಆರಂಭಿಸಿ, ಅದು ಮೂರು ಸಲ ಸರಿಯಾಗಿ ಬಂದ ಮೇಲೆ ಭಟ್ಟಿಯ ಕಟ್ಟೆಗೆ ಕಲ್ಲು ಕೂಡಿಸುವದು ಯೋಗ್ಯವಾದ ಕ್ರಮವಾಗಿರುತ್ತದೆ.